ಬಾಡಿಗೆ ದೋಣಿಯಲ್ಲಿ ಸಮಾರಂಭ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಿವೃತ್ತಿಯ ಬೀಳ್ಕೊಡುಗೆ, ಅರವತ್ತು ತುಂಬಿದ ಸಂಭ್ರಮ, ಮಗುವಿನ ಮೊದಲ ಹುಟ್ಟುಹಬ್ಬ, ಕಾಲೇಜು ಗೆಳೆಯರ ಕೂಟ ಎಂದು ಒಂದಿಲ್ಲೊಂದು ನೆಪದಲ್ಲಿ ಕರಾವಳಿಗೆ ಹೋಗಿ, ದೋಣಿ ಬಾಡಿಗೆಗೆ ಹಿಡಿದು, ನೀರಿನ ಮೇಲೆಯೇ ಕಾರ್ಯಕ್ರಮ ಮಾಡಬೇಕೆಂದು ಯೋಚಿಸುವವರು ನಮ್ಮ ಬಯಲುಸೀಮೆಯಲ್ಲಿ ಈಗ ಅಪರೂಪವಲ್ಲ. ಅಂಥ ಏಳೆಂಟು ಕಾರ್ಯಕ್ರಮಗಳ ಓಡಾಟವನ್ನು ಹುಬ್ಬಳ್ಳಿಯಲ್ಲಿ ಕುಳಿತು ನಾನೇ ಹೊತ್ತುಕೊಂಡಿದ್ದರಿಂದ, ಬಂಧುಗಳೂ ಪರಿಚಿತರೂ ಆಗಾಗ ಕೇಳುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಬರೆದಿಡುತ್ತಿದ್ದೇನೆ.

ಮೊದಲು ಯಾವುದನ್ನು ಗೊತ್ತುಮಾಡಬೇಕು, ದೋಣಿಯನ್ನೋ ದಿನವನ್ನೋ?

ಎರಡಕ್ಕೂ ಮೊದಲು ತಲೆ ಎಣಿಕೆಯನ್ನು ಗೊತ್ತುಮಾಡಬೇಕು. ನಮ್ಮ ಕಡೆಯ ಸಮಾರಂಭಗಳೆಲ್ಲ ಕಲ್ಯಾಣ ಮಂಟಪದ ಲೆಕ್ಕದಲ್ಲಿ ನಡೆಯುತ್ತವೆ. ಇನ್ನೂರು ಮಂದಿಗೆ ಹೇಳಿ ಇನ್ನೂರೈವತ್ತು ಮಂದಿ ಬಂದರೆ ಇನ್ನೊಂದು ಪಂಕ್ತಿ ಹಾಕುತ್ತೇವೆ, ಸಾರಿಗೆ ಒಂದಿಷ್ಟು ನೀರು ಬೆರೆಸುತ್ತೇವೆ, ಯಾರಿಗೂ ತೊಂದರೆಯಾಗುವುದಿಲ್ಲ. ದೋಣಿಯಲ್ಲಿ ಎರಡನೇ ಪಂಕ್ತಿ ಎಂಬುದಿಲ್ಲ.

ಕೆಲವು ವರ್ಷಗಳ ಹಿಂದೆ ಕಾಕಾ ಅವರ ನಿವೃತ್ತಿಗೆಂದು ಕಾಳಿ ನದಿಯಲ್ಲಿ 22 ಜನರ ದೋಣಿಯೊಂದನ್ನು ಗೊತ್ತುಮಾಡಿದ್ದೆ. ಹೊರಡುವ ದಿನ ನಸುಕಿನಲ್ಲಿ ಅಣ್ಣನ ಬೀಗರು ಒಂದು ಕ್ರೂಸರ್ ಗಾಡಿ ಮಾಡಿಕೊಂಡು ಬಂದು ಸೇರಿಕೊಂಡರು, ದೋಣಿ ಹತ್ತುವ ಕಟ್ಟೆಯಾದ ಜಟ್ಟಿಯ ಮೇಲೆ ನಿಂತು ಎಣಿಸಿದಾಗ ನಾವು 27 ಜನರಿದ್ದೆವು. ದೋಣಿ ನಡೆಸುವವನು ನಮ್ಮನ್ನೊಮ್ಮೆ ನೋಡಿ, ಏನೂ ಆಗುವುದಿಲ್ಲ, ಹತ್ತಿಸಿ ಎಂದ. ಕಾಕಾ ಅವರೂ "ಐದ ಮಂದಿಗೆ ಏನ್ ಆಗ್ತೇತೋ, ಒಂದೀಟು ಸರದ ಕುಂತ್ರ ಆತು" ಎಂದರು. ನಾನೂ ಇನ್ನು ನಾಲ್ವರೂ ದಡದಲ್ಲೇ ಉಳಿದೆವು. ಉಳಿದ ನಾಲ್ವರಲ್ಲಿ ಇಬ್ಬರು ಬೀಗರ ಮನೆಯವರೇ ಆಗಿದ್ದರಿಂದ ಕಾಕಾ ಅವರು ದೀಪಾವಳಿಯವರೆಗೆ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಆ ಸಿಟ್ಟನ್ನು ಕೊಂಡು ತಂದದ್ದಕ್ಕೆ ನನಗೆ ಇಂದಿಗೂ ಬೇಸರವಿಲ್ಲ. ಆದರೆ ತಪ್ಪು ನನ್ನದೂ ಇತ್ತು. ಹೆಸರುಗಳ ಪಟ್ಟಿಯನ್ನು ವಾರದ ಮೊದಲೇ ಮುಚ್ಚಿ, ಪಟ್ಟಿಯಲ್ಲಿ ಇಲ್ಲದವರು ದೋಣಿಗೆ ಹತ್ತುವಂತಿಲ್ಲ ಎಂಬುದನ್ನು ಎಲ್ಲರಿಗೂ ತಿಳಿಸಿದ್ದರೆ ಜಟ್ಟಿಯ ಮೇಲೆ ಮುಖ ಕೆಡಿಸಿಕೊಳ್ಳುವ ಪ್ರಸಂಗ ಬರುತ್ತಿರಲಿಲ್ಲ. ಈಗ ನಾನು ದೋಣಿಯ ಮಿತಿಗಿಂತ ಮೂರು ನಾಲ್ಕು ಸ್ಥಳ ಕಡಿಮೆಯೇ ಇಟ್ಟು ಜನರನ್ನು ಕರೆಯುತ್ತೇನೆ. ಕಂಕುಳಲ್ಲಿರುವ ಕೂಸನ್ನೂ ಒಂದು ತಲೆಯೆಂದೇ ಎಣಿಸುತ್ತೇನೆ.

ನಾಲ್ಕೈದು ಜನ ಹೆಚ್ಚಾದರೆ ದೋಣಿಗೆ ನಿಜವಾಗಿ ಏನಾಗುತ್ತದೆ?

ಕಣಿಕೆ ಹೇರಿದ ಚಕ್ಕಡಿಯನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಅಷ್ಟೇ ತೂಕದ ಜೋಳದ ಚೀಲಗಳನ್ನು ಗಾಡಿಯ ತಳದಲ್ಲಿ ಹೇರಿದರೆ ಏನೂ ಆಗುವುದಿಲ್ಲ, ಕಣಿಕೆಯನ್ನು ಆಳೆತ್ತರಕ್ಕೆ ಒಟ್ಟಿದರೆ ಮಾತ್ರ ಹೊಲದ ಬದುವಿನ ಮೇಲೆ ಒಂದು ಗಾಲಿ ಏರಿದೊಡನೆ ಗಾಡಿ ಪಲ್ಟಿ ಹೊಡೆಯುತ್ತದೆ. ದೋಣಿಯಲ್ಲಿಯೂ ಅಪಾಯ ಬರಿಯ ತೂಕದ್ದಲ್ಲ, ತೂಕ ಎಲ್ಲಿದೆ ಎಂಬುದರದ್ದು. ಜನ ಹೆಚ್ಚಾದಂತೆ ದೋಣಿಯ ಅಂಚು ನೀರಿಗೆ ಹತ್ತಿರವಾಗುತ್ತದೆ, ಜನ ಎದ್ದು ನಿಂತಂತೆ ಅಥವಾ ಮೇಲಿನ ಅಂತಸ್ತಿಗೆ ಹೋದಂತೆ ಭಾರ ಮೇಲಕ್ಕೇರುತ್ತದೆ, ಎಲ್ಲರೂ ಒಂದೇ ಬದಿಗೆ ಓಡಿದರೆ ವಾಲಿದ ದೋಣಿ ಮರಳಿ ನೆಟ್ಟಗಾಗುವುದಿಲ್ಲ.

ಇದು ಊಹೆಯ ಮಾತಲ್ಲ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ದಡದ ಕಾಡುಪ್ರಾಣಿಗಳನ್ನು ನೋಡಲು ಪ್ರವಾಸಿಗರು ಒಂದೇ ಬದಿಗೆ ಸರಿದಾಗ ಎರಡು ಅಂತಸ್ತಿನ ದೋಣಿ ಮಗುಚಿ 45 ಜನ ಸತ್ತರು. 2023ರ ಮೇ 7ರಂದು ಕೇರಳದ್ದೇ ಆದ ತಾನೂರಿನಲ್ಲಿ ಮಿತಿಮೀರಿ ಜನರನ್ನು ತುಂಬಿಕೊಂಡು ಕತ್ತಲಾಗುತ್ತಿದ್ದ ಹೊತ್ತಿನಲ್ಲಿ ಹೊರಟ ದೋಣಿ ಮುಳುಗಿ 22 ಜನ ಸತ್ತರು. ನಮಗೆ ಇನ್ನೂ ಹತ್ತಿರದ್ದೆಂದರೆ 2019ರ ಜನವರಿ 21ರ ದುರಂತ. ಕಾರವಾರದ ಕೂರ್ಮಗಡ ನಡುಗಡ್ಡೆಯ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ ಹದಿನೈದಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹಾವೇರಿ ಜಿಲ್ಲೆಯವರೂ ಇದ್ದರು. ಅಲ್ಲಿಯೂ ಮಿತಿಗಿಂತ ಹೆಚ್ಚು ಜನರನ್ನು ಹತ್ತಿಸಿಕೊಳ್ಳಲಾಗಿತ್ತು. ಕಾಕಾ ಅವರ ಮುಂದೆ ಅಂದು ಈ ಮಾತನ್ನು ಆಡಲಾಗಲಿಲ್ಲ, ನೀವು ಹೊರಡುವ ಮೊದಲೇ ನಿಮ್ಮವರ ಮುಂದೆ ಆಡಿಬಿಡುವುದು ಒಳ್ಳೆಯದು.

ನಮ್ಮ ಊರಿನಿಂದ ಎಲ್ಲಿಗೆ ಹೋಗುವುದು ಅನುಕೂಲ?

ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅಂಕೋಲಾ ಮಾರ್ಗವಾಗಿ ಕಾರವಾರ ಸುಮಾರು 165 ಕಿಲೋಮೀಟರ್. ಅರಬೈಲು ಘಟ್ಟ ಇಳಿಯಬೇಕಾದ್ದರಿಂದ ನಾಲ್ಕು ತಾಸು ಹಿಡಿಯುತ್ತದೆ ಎಂದುಕೊಂಡೇ ಹೊರಡಬೇಕು. ಹೊನ್ನಾವರದ ಶರಾವತಿ ಹಿನ್ನೀರು ಮತ್ತು ಪಣಜಿಯ ಮಾಂಡವಿ ನದಿ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿವೆ. ಮೊದಲ ಬಾರಿಗೆ ದೋಣಿಯಲ್ಲಿ ಕಾರ್ಯಕ್ರಮ ಮಾಡುವವರಿಗೆ ನನ್ನ ಸಲಹೆ ಸ್ಪಷ್ಟವಾಗಿದೆ. ಸಮುದ್ರ ಬೇಡ, ನದಿ ಇರಲಿ. ಕಾಳಿಯಲ್ಲಾಗಲಿ ಶರಾವತಿಯಲ್ಲಾಗಲಿ ಅಳಿವೆಯಿಂದ ಒಳಗೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ನೀರು ಶಾಂತವಾಗಿರುತ್ತದೆ ಮತ್ತು ದಡ ಕಣ್ಣಳತೆಯಲ್ಲೇ ಇರುತ್ತದೆ. ನದಿ ಸಮುದ್ರ ಸೇರುವ ಅಳಿವೆಯ ಬಾಯಿಯಲ್ಲಿ ಹೊಳೆಯ ಸೆಳೆತವೂ ಕಡಲಿನ ತೆರೆಯೂ ಎದುರುಬದುರಾಗುವುದರಿಂದ, ಅಲ್ಲಿಗೆ ಹೋಗೋಣವೆಂದು ಜೊತೆಯವರು ಹಟ ಹಿಡಿದರೂ ದೋಣಿಯವರನ್ನು ಒತ್ತಾಯಿಸಬಾರದು.

ಧಾರವಾಡದಿಂದ 60 ಕಿಲೋಮೀಟರ್ ಆಸುಪಾಸಿನಲ್ಲಿರುವ ದಾಂಡೇಲಿಯಲ್ಲಿ ಹರಿಯುವುದೂ ಇದೇ ಕಾಳಿ, ಆದರೆ ಅಲ್ಲಿ ಅದರ ಗುಣವೇ ಬೇರೆ. ದಾಂಡೇಲಿಯ ಕಾಳಿಯಲ್ಲಿ ಮೊಸಳೆಗಳಿವೆ, ಹಾಗಾಗಿ ದೋಣಿಯ ಅಂಚಿನಲ್ಲಿ ಕುಳಿತು ಕಾಲನ್ನು ನೀರಿಗೆ ಇಳಿಬಿಡುವುದು ತಮಾಷೆಯ ವಿಷಯವಲ್ಲ. ಮೇಲ್ಭಾಗದ ಗಣೇಶಗುಡಿಯ ಬಳಿ ಸೂಪಾ ಅಣೆಕಟ್ಟಿನಿಂದ ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ಹೊಳೆಯ ಮಟ್ಟ ಏರುತ್ತದೆ, ನಿಲ್ಲಿಸಿದಾಗ ಇಳಿಯುತ್ತದೆ. ದಾಂಡೇಲಿಯನ್ನು ರ‍್ಯಾಫ್ಟಿಂಗ್‌ಗೂ ಕಾಡಿಗೂ ಇಟ್ಟುಕೊಂಡು, ಊಟ ಉಪಚಾರದ ಕೂಟಕ್ಕೆ ಕೆಳಗಿನ ಕಾಳಿಯನ್ನು ಆರಿಸಿಕೊಳ್ಳುವುದು ಲೇಸು.

ಊರಿನಲ್ಲೇ, ಕೆರೆಯಲ್ಲಿ ಮಾಡಬಹುದಲ್ಲ?

ಮಾಡಬಹುದು, ಆದರೆ ಕೂಟ ದಡದಲ್ಲಿರಬೇಕು, ದೋಣಿ ಅದರ ಒಂದು ಭಾಗವಾಗಿರಬೇಕು. ಹುಬ್ಬಳ್ಳಿಯ ಉಣಕಲ್ ಕೆರೆಯಾಗಲಿ ಗದಗಿನ ಭೀಷ್ಮ ಕೆರೆಯಾಗಲಿ ದೊಡ್ಡ ದೋಣಿಯಲ್ಲಿ ಊಟ ಬಡಿಸುವ ಜಾಗಗಳಲ್ಲ. ಉದ್ಯಾನದಲ್ಲಿ ಹುಟ್ಟುಹಬ್ಬ ಮಾಡಿ, ಬೋಟಿಂಗ್ ನಡೆಯುತ್ತಿದ್ದರೆ ಮಕ್ಕಳನ್ನು ಸರದಿಯಲ್ಲಿ ಒಂದು ಸುತ್ತು ಕಳಿಸಿದರೆ ಸಾಕು. ತುಂಗಭದ್ರೆಯ ದಂಡೆಯ ಹಾವೇರಿ ಜಿಲ್ಲೆಯವರಿಗೆ ಹರಿಗೋಲು ಹೊಸದೇನಲ್ಲ, ಅಂಬಿಗರ ಚೌಡಯ್ಯನ ಚೌಡದಾನಪುರವೂ ಇರುವುದು ಅಲ್ಲಿಯೇ. ಆದರೆ ಹರಿಗೋಲಿನಲ್ಲಿ ಹೊಳೆ ದಾಟುವುದು ಬೇರೆ, ಅದರಲ್ಲಿ ಕೇಕು ಕತ್ತರಿಸುವುದು ಬೇರೆ.

ಯಾವ ತಿಂಗಳು, ದಿನದ ಯಾವ ಹೊತ್ತು ಒಳ್ಳೆಯದು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಲೋಚನೆಯೇ ಬೇಡ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುತ್ತದೆ. ಕಡಲಿನಲ್ಲೇ ಬಾಳುವವರು ದೋಣಿಯನ್ನು ದಡಕ್ಕೆ ಎಳೆದಿಟ್ಟ ಕಾಲದಲ್ಲಿ ಬಯಲುಸೀಮೆಯ ನಮಗೇನು ಅವಸರ? ನವೆಂಬರ್‌ನಿಂದ ಫೆಬ್ರವರಿಯವರೆಗಿನ ಕಾಲ ಉತ್ತಮ. ಆಗಲೂ ಹವಾಮಾನದ ಮುನ್ಸೂಚನೆಯನ್ನು ನೋಡದೆ ಹೊರಡಬಾರದು. 2017ರ ಓಖಿ ಚಂಡಮಾರುತ ಅರಬ್ಬೀ ಸಮುದ್ರವನ್ನು ಕದಡಿದ್ದು ನವೆಂಬರ್ ಕೊನೆ ಮತ್ತು ಡಿಸೆಂಬರ್ ಆರಂಭದಲ್ಲಿ, 2019ರ ಕ್ಯಾರ್ ಬಂದದ್ದು ಅಕ್ಟೋಬರ್ ಕೊನೆಯಲ್ಲಿ. ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆಯ ಜೊತೆಗೆ, ಹೈದರಾಬಾದಿನಲ್ಲಿರುವ ಇನ್‌ಕಾಯ್ಸ್ ಸಂಸ್ಥೆ ಅಲೆಗಳ ಎತ್ತರದ ಬಗ್ಗೆ ಕೊಡುವ ಸೂಚನೆಯನ್ನೂ ಹಿಂದಿನ ಸಂಜೆ ನೋಡಿಕೊಳ್ಳಬಹುದು.

ಹೊತ್ತಿನ ವಿಷಯದಲ್ಲಿ ಎಲ್ಲರೂ ಸೂರ್ಯಾಸ್ತವನ್ನೇ ಕೇಳುತ್ತಾರೆ, ನಾನು ಬೆಳಗಿನ ಹೊತ್ತನ್ನು ಹೇಳುತ್ತೇನೆ. ಬಿಸಿಲೇರಿದಂತೆ ನೆಲ ನೀರಿಗಿಂತ ಬೇಗ ಕಾಯುವುದರಿಂದ ಮಧ್ಯಾಹ್ನದ ನಂತರ ಕಡಲಿನಿಂದ ನೆಲದ ಕಡೆಗೆ ಗಾಳಿ ಬೀಸತೊಡಗುತ್ತದೆ, ನೀರಿನ ಮೇಲೆ ಸಣ್ಣ ತೆರೆಗಳೇಳುತ್ತವೆ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಕಾಳಿಯ ನೀರು ಬಹುತೇಕ ಎಣ್ಣೆ ಹಚ್ಚಿದ ಕಲ್ಲಿನಂತೆ ಮಲಗಿರುತ್ತದೆ. ಸೂರ್ಯಾಸ್ತವೇ ಬೇಕೆಂದಾದರೆ, ಡಿಸೆಂಬರ್‌ನಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ ಎಂಬುದನ್ನು ನೆನಪಿಟ್ಟು, ಪೂರ್ತಿ ಕತ್ತಲಾಗುವುದರೊಳಗೆ ಜಟ್ಟಿಗೆ ಕಾಲಿಡುವಂತೆ ಲೆಕ್ಕ ಹಾಕಬೇಕು.

ಉಬ್ಬರವಿಳಿತವನ್ನು ನಾವೇಕೆ ನೋಡಬೇಕು? ಅದು ದೋಣಿಯವರ ಕೆಲಸವಲ್ಲವೇ?

ದೋಣಿ ನಡೆಸುವುದು ಅವರ ಕೆಲಸ, ಅಜ್ಜಿಯನ್ನು ದೋಣಿಗೆ ಹತ್ತಿಸುವುದು ನಿಮ್ಮ ಕೆಲಸ. ಕಾರವಾರದ ಕಡೆ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ಸುಮಾರು ಒಂದೂವರೆಯಿಂದ ಎರಡು ಮೀಟರ್ ಅಂತರ ಬರುತ್ತದೆ. ಉಬ್ಬರದಲ್ಲಿ ಜಟ್ಟಿಯಿಂದ ಒಂದು ಹೆಜ್ಜೆಯಲ್ಲಿ ದಾಟುವ ದೋಣಿ ಇಳಿತದಲ್ಲಿ ಆಳೆತ್ತರ ಕೆಳಗಿರುತ್ತದೆ, ಮೆಟ್ಟಿಲುಗಳ ಮೇಲೆ ಪಾಚಿ ಕಟ್ಟಿರುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ ಬರುತ್ತವೆ ಮತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತವೆ. ಕಳೆದ ವಾರ ಗೆಳೆಯರು ಹೋಗಿ ಬಂದ ಹೊತ್ತು ಈ ವಾರ ನಿಮಗೆ ಒದಗುವುದಿಲ್ಲ. ಮುಂಗಡ ಕೊಡುವಾಗಲೇ "ಆ ದಿನ ತುಂಬಿದ ನೀರು ಎಷ್ಟು ಗಂಟೆಗೆ?" ಎಂದು ಕೇಳಿ, ಹತ್ತುವ ಮತ್ತು ಇಳಿಯುವ ಹೊತ್ತನ್ನು ಅದಕ್ಕೆ ಹೊಂದಿಸಿಕೊಳ್ಳಿ.

ದೋಣಿಯ ಯಾವ ಕಾಗದಪತ್ರಗಳನ್ನು ನೋಡಬೇಕು?

1917ರ ಹಳೆಯ ಕಾಯ್ದೆಯ ಜಾಗದಲ್ಲಿ ಬಂದ 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ಯಂತ್ರಚಾಲಿತ ದೋಣಿಗೆ ನೋಂದಣಿ, ತಪಾಸಣೆಯ ಪ್ರಮಾಣಪತ್ರ ಮತ್ತು ವಿಮೆ ಇರಬೇಕು, ನಡೆಸುವವರಿಗೆ ಅರ್ಹತಾ ಪತ್ರವಿರಬೇಕು. ಕರ್ನಾಟಕದಲ್ಲಿ ಇವುಗಳ ಬಗ್ಗೆ ಬಂದರು ಕಚೇರಿಯಲ್ಲಿ ವಿಚಾರಿಸಬಹುದು, ಗೋವಾದಲ್ಲಿ ಕ್ಯಾಪ್ಟನ್ ಆಫ್ ಪೋರ್ಟ್ಸ್ ಎಂಬ ಇಲಾಖೆಯೇ ಇದೆ. ನೀವು ಮುಖ್ಯವಾಗಿ ನೋಡಬೇಕಾದದ್ದು ಮೂರು: ಎಷ್ಟು ಜನರಿಗೆ ಅನುಮತಿ, ಯಾವ ನೀರಿನಲ್ಲಿ ಓಡಿಸಲು ಅನುಮತಿ, ಪತ್ರದ ಅವಧಿ ಯಾವಾಗ ಮುಗಿಯುತ್ತದೆ. ನದಿಗೆ ಅನುಮತಿ ಪಡೆದ ದೋಣಿ ಕಡಲಿಗೂ ಆಗುತ್ತದೆ ಎಂದು ತಿಳಿಯಬಾರದು. ಮೀನುಗಾರಿಕೆಯ ದೋಣಿಗೆ ಕುರ್ಚಿ ಹಾಕಿ, ಬಣ್ಣ ಬಳಿದು ಪ್ರವಾಸಿಗರಿಗೆ ಕೊಡುವವರೂ ಇರುತ್ತಾರೆ. ಪತ್ರ ತೋರಿಸಿ ಎಂದೊಡನೆ ಮುಖ ಸಿಂಡರಿಸುವವರ ದೋಣಿ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಬಾಡಿಗೆ ಮಾತನಾಡುವಾಗ ಏನನ್ನು ಬಿಡಿಸಿ ಕೇಳಬೇಕು?

ತಾಸು ಯಾವಾಗಿನಿಂದ ಎಣಿಕೆಯಾಗುತ್ತದೆ ಎಂಬುದೇ ಹೆಚ್ಚಿನ ಜಗಳಗಳ ಮೂಲ. ನೀವು ಗೊತ್ತುಮಾಡಿದ ಹೊತ್ತಿನಿಂದಲೋ, ಕೊನೆಯ ವ್ಯಕ್ತಿ ಹತ್ತಿ ಹಗ್ಗ ಬಿಚ್ಚಿದ ಕ್ಷಣದಿಂದಲೋ ಎಂಬುದನ್ನು ಬರೆಸಿಕೊಳ್ಳಿ. ಘಟ್ಟದಲ್ಲಿ ಲಾರಿ ಕೆಟ್ಟು ನಿಂತರೆ ಒಂದು ತಾಸು ಹೋಗುವುದು ದೊಡ್ಡದಲ್ಲ, ಹಾಗಾಗಿ ಹಿಂದಿನ ರಾತ್ರಿಯೇ ಹೋಗಿ ತಂಗುವುದು ಲೇಸು. ಡೀಸೆಲ್, ತೆರಿಗೆ, ಜಟ್ಟಿಯ ಶುಲ್ಕ ಬಾಡಿಗೆಯಲ್ಲಿ ಸೇರಿವೆಯೇ, ಹೊರಗಿನ ಊಟ ತರಬಹುದೇ, ಗಾಳಿ ಮಳೆಯಿಂದ ರದ್ದಾದರೆ ಮುಂಗಡ ಮರಳುತ್ತದೆಯೇ ಅಥವಾ ಬೇರೆ ದಿನ ಕೊಡುತ್ತಾರೆಯೇ ಎಂಬುದೂ ಆ ಕಾಗದದಲ್ಲಿರಲಿ. ಹೋಗಬೇಕೋ ಬೇಡವೋ ಎಂಬ ಕೊನೆಯ ಮಾತು ದೋಣಿ ನಡೆಸುವ ತಾಂಡೇಲನದೇ ಎಂದು ನೀವಾಗಿಯೇ ಬರೆದುಕೊಡಿ. ಮುಂಗಡ ಹೋಗುತ್ತದೆಂಬ ಸಂಕಟದಲ್ಲಿ ಗಾಳಿಗೆ ಎದುರಾಗಿ ಹೊರಡುವ ಮೂರ್ಖತನದಿಂದ ಆ ಒಂದು ಸಾಲು ಕಾಪಾಡುತ್ತದೆ.

ಜೀವರಕ್ಷಕ ಜಾಕೆಟ್‌ಗಳನ್ನು ಹೇಗೆ ಪರೀಕ್ಷಿಸಬೇಕು?

ಎಣಿಸಿ, ತೊಡಿಸಿ, ಎಳೆದು ನೋಡಬೇಕು. ಎಣಿಕೆ ಜನರಷ್ಟೇ ಇದ್ದರೆ ಸಾಲದು, ಒಂದೆರಡು ಹೆಚ್ಚಿರಬೇಕು, ಏಕೆಂದರೆ ಯಾವುದೋ ಒಂದರ ಬಕಲ್ ಮುರಿದೇ ಇರುತ್ತದೆ. ಎಲ್ಲ ಪಟ್ಟಿಗಳನ್ನು ಬಿಗಿದ ಮೇಲೆ ಭುಜದ ಹತ್ತಿರ ಎರಡೂ ಕೈಗಳಿಂದ ಮೇಲಕ್ಕೆತ್ತಿದಾಗ ಜಾಕೆಟ್ ಕಿವಿಯವರೆಗೆ ಏರಿ ಬಂದರೆ ಅದು ಆ ವ್ಯಕ್ತಿಯ ಅಳತೆಯದಲ್ಲ. ದೊಡ್ಡವರ ಜಾಕೆಟ್‌ನಿಂದ ಚಿಕ್ಕ ಮಕ್ಕಳು ನೀರಿನಲ್ಲಿ ಜಾರಿ ಹೊರಬರುತ್ತಾರೆ, ಅವರಿಗೆ ತೊಡೆಗಳ ನಡುವೆ ಪಟ್ಟಿ ಹಾಯಿಸುವ ಸಣ್ಣ ಜಾಕೆಟ್ ಬೇಕು. ಅದು ದೋಣಿಯವರಲ್ಲಿ ಇಲ್ಲದಿದ್ದರೆ ನೀವೇ ಕೊಂಡೊಯ್ಯಿರಿ. ಗಾಳಿ ತುಂಬುವ ಈಜುಕೊಳದ ಆಟಿಕೆಗಳು ಇದಕ್ಕೆ ಬದಲಿಯಲ್ಲ.

ಸೀರೆಯ ಮೇಲೆ ಜಾಕೆಟ್ ಚೆನ್ನಾಗಿ ಕಾಣುವುದಿಲ್ಲ, ಫೋಟೋ ಕೆಡುತ್ತದೆ ಎಂಬ ಆಕ್ಷೇಪ ಪ್ರತಿ ಸಲವೂ ಬರುತ್ತದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅದರ ಮೇಲೆ ಜಾಕೆಟ್ ಬಿಗಿಯಬೇಕು. ಫೋಟೋಗಳನ್ನು ಜಟ್ಟಿಯ ಮೇಲೆ, ಹತ್ತುವ ಮೊದಲೇ ಹೊಟ್ಟೆ ತುಂಬ ತೆಗೆದುಕೊಳ್ಳುವುದಕ್ಕೆ ಅರ್ಧ ತಾಸು ಮೀಸಲಿಟ್ಟರೆ ಈ ಜಗಳ ತಾನಾಗಿಯೇ ಮುಗಿಯುತ್ತದೆ.

ಈಜು ಬರುವವರಿಗೂ ಜಾಕೆಟ್ ಬೇಕೇ?

ಬೇಕು. ಬಾವಿಯಲ್ಲಿ, ಕೆರೆಯಲ್ಲಿ ಕಲಿತ ಈಜು ನಿಂತ ನೀರಿನ ಈಜು. ಉಟ್ಟ ಬಟ್ಟೆಯಲ್ಲಿ, ಉಂಡ ಹೊಟ್ಟೆಯಲ್ಲಿ, ಸೆಳೆತವಿರುವ ನೀರಿಗೆ ಹಠಾತ್ತಾಗಿ ಬಿದ್ದಾಗ ಅದು ಕೈಕೊಡುತ್ತದೆ.

ಊಟಕ್ಕೆ ಏನು ತೆಗೆದುಕೊಂಡು ಹೋಗಬೇಕು?

ಒಂದು ಕೈಯಲ್ಲಿ ಹಿಡಿದು ತಿನ್ನಬಹುದಾದದ್ದು, ಚೆಲ್ಲದಿರುವುದು, ನಾಲ್ಕು ತಾಸಾದರೂ ಹಳಸದಿರುವುದು. ಈ ಮೂರು ಪರೀಕ್ಷೆಗಳಲ್ಲಿ ನಮ್ಮ ಬುತ್ತಿಯಷ್ಟು ಚೆನ್ನಾಗಿ ಗೆಲ್ಲುವ ಊಟ ಇನ್ನೊಂದಿಲ್ಲ. ಮೆತ್ತನೆಯ ಜೋಳದ ರೊಟ್ಟಿಯೊಳಗೆ ಎಣ್ಣೆಗಾಯಿಯನ್ನು ಸುತ್ತಿ ಕಾಗದದಲ್ಲಿ ಕಟ್ಟಿದರೆ ತಟ್ಟೆಯೇ ಬೇಡ. ಶೇಂಗಾ ಹಿಂಡಿ, ದಪಾಟಿ, ಸಿಹಿಗೆ ಧಾರವಾಡ ಪೇಡೆ ಅಥವಾ ಕರದಂಟು ಇದ್ದರೆ ಅದೇ ಹಬ್ಬದೂಟ. ಮೊಸರನ್ನವನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಸಣ್ಣ ಡಬ್ಬಿಗಳಲ್ಲಿ ಹಂಚಬಹುದು. ಖಾರದ ಸಾವಜಿ ಊಟ ಎಷ್ಟೇ ರುಚಿಯಾಗಿದ್ದರೂ ಎಣ್ಣೆ ತೇಲುವ ಸಾರು, ತೂಗಾಡುವ ನೆಲ ಮತ್ತು ತೂಗಾಡುವ ಹೊಟ್ಟೆ ಒಂದೆಡೆ ಸೇರಬಾರದು. ಅದನ್ನು ರಾತ್ರಿ, ನೆಲದ ಮೇಲೆ ಉಣ್ಣಿ.

ಗಿರ್ಮಿಟ್ ಬಗ್ಗೆ ಒಂದು ಮಾತನ್ನು ಅನುಭವದಿಂದ ಹೇಳಬೇಕು. ದೋಣಿಯಲ್ಲೇ ಕಲಸಿದರೆ ಗರಿಗರಿಯಾಗಿರುತ್ತದೆ ಎಂದು ಐದು ಕಿಲೋ ಚುರುಮುರಿಯನ್ನು ಬಿಡಿಯಾಗಿ ಒಯ್ದು, ದೊಡ್ಡ ಬುಟ್ಟಿಯಲ್ಲಿ ಸುರಿದು, ಉಳ್ಳಾಗಡ್ಡಿ ಹೆಚ್ಚುತ್ತಾ ಕುಳಿತಿದ್ದೆವು. ದೋಣಿ ತಿರುವಿನಲ್ಲಿ ಹೊರಳಿದೊಡನೆ ಎದುರುಗಾಳಿ ಬುಟ್ಟಿಯೊಳಕ್ಕೇ ನುಗ್ಗಿತು. ಚುರುಮುರಿ ಅಕ್ಷತೆಯಂತೆ ಎಲ್ಲರ ತಲೆಯ ಮೇಲೆ, ಇಂಜಿನ್ ಪೆಟ್ಟಿಗೆಯ ಮೇಲೆ, ಖಲಾಸಿಯ ಚಹಾದ ಲೋಟದೊಳಗೆ ಬಿತ್ತು, ಬುಟ್ಟಿಯ ತಳದಲ್ಲಿ ಉಳಿದದ್ದು ಪುಠಾಣಿ ಹಿಟ್ಟು ಮಾತ್ರ. ಗಿರ್ಮಿಟ್ ಬೇಕೆನ್ನುವವರು ಮುಚ್ಚಳವಿರುವ ಪಾತ್ರೆಯಲ್ಲಿ, ದೋಣಿ ಲಂಗರು ಹಾಕಿ ನಿಂತಾಗ ಕಲಸಬೇಕು.

ಕುಡಿಯುವ ನೀರನ್ನು ಮರೆಯಬೇಡಿ, ಉಪ್ಪುಗಾಳಿಯಲ್ಲಿ ದಾಹ ಹೆಚ್ಚು. ಆದರೆ 20 ಲೀಟರಿನ ಒಂದು ಕ್ಯಾನ್ ಎಂದರೆ 20 ಕಿಲೋ ತೂಕ. ಕ್ಯಾನ್‌ಗಳು, ಐಸ್ ಪೆಟ್ಟಿಗೆ, ಧ್ವನಿವರ್ಧಕ ಎಲ್ಲ ಸೇರಿದರೆ ಇಬ್ಬರು ಮೂವರು ಜನರಷ್ಟಾಗುತ್ತದೆ, ಅವನ್ನೂ ಲೆಕ್ಕಕ್ಕೆ ಹಿಡಿದು ದೋಣಿಯ ನಡುವೆ, ತಳದಲ್ಲಿ ಇಡಿಸಬೇಕು.

ಬಿಸಿ ಮಿರ್ಚಿ ಭಜಿ ಕರಿಯಬಹುದೇ? ಆರತಿ, ಗಂಗಾಪೂಜೆ ಮಾಡಬಹುದೇ?

ಕುದಿಯುವ ಎಣ್ಣೆಯ ಬಾಣಲೆಯನ್ನೂ ಗ್ಯಾಸ್ ಸಿಲಿಂಡರನ್ನೂ ಬಾಡಿಗೆ ದೋಣಿಗೆ ಏರಿಸಲೇಬಾರದು. ಸೋರಿದ ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ದೋಣಿಯ ತಳದಲ್ಲಿ ಹೋಗಿ ಕೂರುತ್ತದೆ, ಅಲ್ಲಿಯೇ ಇಂಜಿನ್ ಕೂಡ ಇರುತ್ತದೆ. ಅಡುಗೆಮನೆಯನ್ನೇ ಕಟ್ಟಿಕೊಂಡ ದೊಡ್ಡ ಹೌಸ್‌ಬೋಟುಗಳಲ್ಲಿ ಅವರ ಅಡುಗೆಯವರೇ ಮಾಡಿಕೊಟ್ಟರೆ ಅದು ಬೇರೆ ಮಾತು.

ನೀರಿಗೆ ಹೋಗುವ ಮೊದಲು ಗಂಗವ್ವನಿಗೆ ಕೈಮುಗಿಯುವುದು ನಮ್ಮ ಪದ್ಧತಿ, ಅದನ್ನು ಬಿಡಬೇಕಾಗಿಲ್ಲ. ಆದರೆ ಆರತಿ, ಊದುಬತ್ತಿ, ಕಾಯಿ ಒಡೆಯುವುದು ಎಲ್ಲವೂ ದಡದಲ್ಲಿ ಮುಗಿಯಲಿ. ಫೈಬರ್ ದೋಣಿಯ ಅಂಚಿಗೆ ತೆಂಗಿನಕಾಯಿ ಕುಟ್ಟಲು ಹೋದ ಹಿರಿಯರೊಬ್ಬರನ್ನು ತಡೆಯಲು ತಾಂಡೇಲ ಓಡಿ ಬಂದದ್ದನ್ನು ನಾನು ಕಂಡಿದ್ದೇನೆ.

ವಾಂತಿಯಾಗದಂತೆ ಏನು ಮಾಡಬೇಕು?

ನಮ್ಮವರಲ್ಲಿ ಅರ್ಧ ಜನರಿಗೆ ವಾಂತಿಯಾಗುವುದು ದೋಣಿಯಿಂದಲ್ಲ, ಅದಕ್ಕೂ ಮೊದಲು ಇಳಿದ ಘಟ್ಟದಿಂದ. ಹಿಂದಿನ ದಿನವೇ ತಲುಪಿ ನಿದ್ದೆ ಮಾಡಿದರೆ ತೊಂದರೆ ಬಹಳಷ್ಟು ಇಳಿಯುತ್ತದೆ. ಖಾಲಿ ಹೊಟ್ಟೆಯೂ ಬೇಡ, ಬಿರಿಯುವಂತೆ ತುಂಬಿದ ಹೊಟ್ಟೆಯೂ ಬೇಡ. ಸಂಕಟವಾದವರು ದೋಣಿಯ ಮಧ್ಯಭಾಗದಲ್ಲಿ, ಡೀಸೆಲ್ ವಾಸನೆಯಿಂದ ದೂರ ಕುಳಿತು ದೂರದ ಗುಡ್ಡವನ್ನು ನೋಡಬೇಕು, ಮೊಬೈಲನ್ನಲ್ಲ. ಮಾತ್ರೆ ತೆಗೆದುಕೊಳ್ಳುವುದಾದರೆ ವೈದ್ಯರನ್ನು ಕೇಳಿ, ಹೊರಡುವ ಮೊದಲೇ ತೆಗೆದುಕೊಳ್ಳಬೇಕು, ವಾಂತಿ ಆರಂಭವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಇಂಥ ಬಹುತೇಕ ಮಾತ್ರೆಗಳು ನಿದ್ದೆ ತರುತ್ತವೆ, ಮದ್ಯದೊಂದಿಗೆ ಸೇರಿದರೆ ಅಪಾಯ.

ಹಿರಿಯರಿಗೆ, ಗರ್ಭಿಣಿಯರಿಗೆ, ಕೂಸುಗಳಿಗೆ ದೋಣಿ ಆಗುತ್ತದೆಯೇ?

ಗರ್ಭಿಣಿಯರು, ಬೆನ್ನು ಅಥವಾ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಬರಬೇಕು. ಉಳಿದ ಹಿರಿಯರಿಗೆ ನಿಧಾನವಾಗಿ ಸಾಗುವ ನದಿಯ ದೋಣಿ ಕಷ್ಟವೇನಲ್ಲ, ಕಷ್ಟವಿರುವುದು ಶೌಚದ್ದು. ಅನೇಕ ದೋಣಿಗಳಲ್ಲಿ ಶೌಚಾಲಯವಿರುವುದಿಲ್ಲ, ಸಕ್ಕರೆ ಕಾಯಿಲೆ ಇರುವವರು ಸಂಕೋಚದಿಂದ ನೀರನ್ನೇ ಕುಡಿಯದೆ ಕೂರುತ್ತಾರೆ. ಶೌಚಾಲಯವಿಲ್ಲದ ದೋಣಿಯಲ್ಲಿ ಕಾರ್ಯಕ್ರಮವನ್ನು ಒಂದೂವರೆ ತಾಸಿಗೆ ಮುಗಿಸಬೇಕು. ಪಾದರಕ್ಷೆಯಲ್ಲಿ ತೊಗಲಿನ ತಳದ ಕೊಲ್ಹಾಪುರಿ ಚಪ್ಪಲಿ ಮತ್ತು ಎತ್ತರದ ಹಿಮ್ಮಡಿ ಎರಡೂ ಒದ್ದೆ ಹಲಗೆಯ ಮೇಲೆ ಜಾರುತ್ತವೆ, ರಬ್ಬರ್ ತಳದ, ಹಿಂದೆ ಪಟ್ಟಿ ಇರುವ ಚಪ್ಪಲಿ ಒಳ್ಳೆಯದು. ಪ್ರತಿಯೊಂದು ಮಗುವಿಗೂ ಒಬ್ಬ ದೊಡ್ಡವರನ್ನು ಹೆಸರಿಟ್ಟು ಒಪ್ಪಿಸಿ. ಎಲ್ಲರೂ ನೋಡಿಕೊಳ್ಳುತ್ತಾರೆ ಎಂದರೆ ಯಾರೂ ನೋಡುತ್ತಿಲ್ಲ ಎಂದರ್ಥ.

ಮದ್ಯ ಇರಬಹುದೇ?

ನೀರಿನ ಮೇಲೆ ಬೇಡ ಎಂಬುದು ನನ್ನ ಅಭಿಪ್ರಾಯ. ಕುಡಿದವರೇ ಅಂಚಿಗೆ ಹೋಗಿ ನಿಲ್ಲುತ್ತಾರೆ, ಕುಡಿದವರೇ ಜಾಕೆಟ್ ಬಿಚ್ಚುತ್ತಾರೆ. ಬೇಕೇಬೇಕು ಎನ್ನುವ ಗುಂಪಾದರೆ ಪರವಾನಗಿಯಿರುವ ದೊಡ್ಡ ದೋಣಿಯನ್ನೇ ಹಿಡಿಯಬೇಕು ಮತ್ತು ಸಿಬ್ಬಂದಿಗೆ ಒಂದು ಗುಟುಕನ್ನೂ ಕೊಡಬಾರದು. ಗೋವಾದಿಂದ ಬರುವಾಗ ಉಳಿದ ಬಾಟಲಿಗಳನ್ನು ಗಾಡಿಯಲ್ಲಿಟ್ಟುಕೊಂಡು ಪರವಾನಗಿಯಿಲ್ಲದೆ ಕರ್ನಾಟಕಕ್ಕೆ ತರುವುದು ಅಪರಾಧ. ಗಡಿಯ ಮಾಜಾಳಿಯಲ್ಲೂ ಅನಮೋಡಿನಲ್ಲೂ ತಪಾಸಣೆ ಇರುತ್ತದೆ.

ಹಾಡು, ಕುಣಿತ, ಡಿಜೆ?

ಹಾಡು ಇರಲಿ, ಕುಣಿತ ಲಂಗರು ಹಾಕಿದಾಗ, ಕೆಳಗಿನ ಅಂತಸ್ತಿನಲ್ಲಿ, ತಾಂಡೇಲನ ಒಪ್ಪಿಗೆಯಿಂದ ಇರಲಿ. ತಾಳಕ್ಕೆ ತಕ್ಕಂತೆ ಇಪ್ಪತ್ತು ಜನ ಒಟ್ಟಿಗೆ ಒಂದೇ ಕಡೆ ವಾಲಿದರೆ ದೋಣಿಯೂ ಅದೇ ತಾಳಕ್ಕೆ ವಾಲುತ್ತದೆ. ಡಾಲ್ಫಿನ್ ಕಂಡಿತೆಂದು ಕೂಗು ಎದ್ದಾಗಲೂ ಕುಳಿತಲ್ಲೇ ಕುತ್ತಿಗೆ ತಿರುಗಿಸಬೇಕು ಎಂಬುದನ್ನು ಹೊರಡುವ ಮೊದಲೇ ಹೇಳಿಡಿ, ಕಾರವಾರದ ಕಡಲಿನಲ್ಲಿ ಅವು ಕಾಣಿಸುವುದುಂಟು. ಧ್ವನಿವರ್ಧಕದ ವಿಷಯದಲ್ಲಿ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧವಿದೆ. ಅದಕ್ಕಿಂತ ಮುಖ್ಯವಾಗಿ, ಸದ್ದು ಜೋರಾದರೆ ತಾಂಡೇಲನ ಕೂಗು ನಿಮಗೂ ನಿಮ್ಮ ಕೂಗು ಅವನಿಗೂ ಕೇಳಿಸುವುದಿಲ್ಲ.

ಅಲಂಕಾರಕ್ಕೆ ಏನು ಬಳಸಬಹುದು?

2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾದ ಒಂದೇ ಬಾರಿ ಬಳಸುವ ಪ್ಲಾಸ್ಟಿಕ್ ವಸ್ತುಗಳಲ್ಲಿ ಪ್ಲಾಸ್ಟಿಕ್ ತಟ್ಟೆ ಚಮಚಗಳ ಜೊತೆಗೆ ಅಲಂಕಾರದ ಥರ್ಮಾಕೋಲ್ ಮತ್ತು ಬಲೂನಿನ ಪ್ಲಾಸ್ಟಿಕ್ ಕಡ್ಡಿಗಳೂ ಇವೆ. ಚೆಂಡುಹೂವಿನ ಮಾಲೆ, ಬಟ್ಟೆಯ ತೋರಣ ಸಾಕು. ಅವನ್ನೂ ದಾರದಿಂದ ಬಿಗಿಯಾಗಿ ಕಟ್ಟಬೇಕು, ರಿಬ್ಬನ್ ನೀರಿಗೆ ಬಿದ್ದು ಇಂಜಿನ್ನಿನ ಚಕ್ರಕ್ಕೆ ಸುತ್ತಿಕೊಂಡರೆ ನಡುನೀರಿನಲ್ಲಿ ನಿಲ್ಲಬೇಕಾಗುತ್ತದೆ. ಮುತ್ತುಗದ ಎಲೆಯ ಪತ್ರಾವಳಿ ನೋಡಲು ಚೆಂದ, ಗಾಳಿಗೆ ಹಾರುತ್ತದೆ, ಸ್ಟೀಲ್ ತಟ್ಟೆಯೇ ವಾಸಿ. ಕೇಕಿನ ಮೇಲೆ ಮೇಣದಬತ್ತಿ ಹಚ್ಚಲು ಗಾಳಿ ಬಿಡುವುದಿಲ್ಲ, ಬಿಡದಿರುವುದೇ ಒಳ್ಳೆಯದು.

ಡ್ರೋನ್‌ನಿಂದ ಚಿತ್ರೀಕರಣ ಮಾಡಿಸಬಹುದೇ?

ಕಾರವಾರದಲ್ಲಿ ಬೇಡವೇ ಬೇಡ. ಅರ್ಗಾದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆಯಿದೆ, ಅಂಜದೀವ ನಡುಗಡ್ಡೆಯೂ ನೌಕಾಪಡೆಯ ವಶದಲ್ಲಿದೆ. ಆ ಕಡೆಗೆ ದೋಣಿ ತಿರುಗಿಸಲೂ ಹೇಳಬಾರದು.

ಯಾರಾದರೂ ನೀರಿಗೆ ಬಿದ್ದರೆ?

ಕಂಡವರು ಗಟ್ಟಿಯಾಗಿ ಕೂಗಿ ತಾಂಡೇಲನಿಗೆ ತಿಳಿಸಬೇಕು, ಇಂಜಿನ್ ನಿಲ್ಲಿಸುವುದು ಅವನ ಮೊದಲ ಕೆಲಸ. ಒಬ್ಬರು ಬಿದ್ದವರ ಕಡೆಗೆ ಬೆರಳು ತೋರಿಸುತ್ತಾ ಅವರಿಂದ ಕಣ್ಣು ಕೀಳದೆ ನಿಲ್ಲಬೇಕು, ಇನ್ನೊಬ್ಬರು ತೇಲುಬಳೆ ಅಥವಾ ಹಗ್ಗ ಎಸೆಯಬೇಕು. ಅದು ಎಲ್ಲಿದೆ ಎಂಬುದನ್ನು ಹತ್ತಿದ ಕೂಡಲೇ ನೋಡಿಟ್ಟುಕೊಂಡಿರಬೇಕು. ಹಿಂದೆಯೇ ಧುಮುಕಬಾರದು, ಎಲ್ಲರೂ ಆ ಬದಿಗೆ ಓಡಲೂಬಾರದು. ತುರ್ತು ಸಹಾಯಕ್ಕೆ 112, ಕಡಲಿನಲ್ಲಾದರೆ ಕರಾವಳಿ ಕಾವಲು ಪಡೆಯ 1554. ದಡದಲ್ಲಿ ಉಳಿದ ಒಬ್ಬರ ಬಳಿ ದೋಣಿಯ ನೋಂದಣಿ ಸಂಖ್ಯೆ, ಹೋದವರ ಪಟ್ಟಿ ಮತ್ತು ಮರಳುವ ಹೊತ್ತು ಬರೆದ ಚೀಟಿ ಇರಲಿ. ಅಂದು ಕಾಳಿಯ ಜಟ್ಟಿಯ ಮೇಲೆ ಉಳಿದ ನನಗೆ ಸಿಕ್ಕ ಕೆಲಸ ಅದೇ ಆಗಿತ್ತು. ಆಮೇಲಿನ ಪ್ರತಿ ಕಾರ್ಯಕ್ರಮದಲ್ಲೂ ಒಬ್ಬರನ್ನು ಬೇಕೆಂದೇ ದಡದಲ್ಲಿ ಇರಿಸುತ್ತಿದ್ದೇನೆ.

ಆ ದಿನ ಗಾಳಿ ಎದ್ದು ದೋಣಿ ಹೊರಡದಿದ್ದರೆ?

ತಂಗುವ ಜಾಗದಲ್ಲೇ ಒಂದು ಜಗುಲಿಯನ್ನೋ ಸಭಾಂಗಣವನ್ನೋ ಮಾತನಾಡಿಟ್ಟುಕೊಂಡಿದ್ದರೆ ಬುತ್ತಿ ಅಲ್ಲಿಯೇ ಬಿಚ್ಚಿಕೊಳ್ಳುತ್ತದೆ. ಶಾಲು ಹೊದಿಸುವುದು, ಭಾಷಣ, ಉಡುಗೊರೆ ಇವುಗಳನ್ನು ಹೇಗಿದ್ದರೂ ನೆಲದ ಮೇಲೆಯೇ ಮುಗಿಸಿ ದೋಣಿಯನ್ನು ವಿಹಾರಕ್ಕೆ ಮಾತ್ರ ಇಟ್ಟುಕೊಂಡರೆ, ದೋಣಿ ರದ್ದಾದರೂ ಕಾರ್ಯಕ್ರಮ ರದ್ದಾಗುವುದಿಲ್ಲ.

ಇಳಿದ ಮೇಲೆ ನೋಡಬೇಕಾದದ್ದು ಏನಾದರೂ ಇದೆಯೇ?

ಹತ್ತುವಾಗ ಎಣಿಸಿದ ಪಟ್ಟಿಯನ್ನೇ ಹಿಡಿದು ಹೆಸರು ಕೂಗಿ ಎಣಿಸಿ. ಜಾಕೆಟ್‌ಗಳನ್ನು ಒಪ್ಪಿಸಿ, ಕಸದ ಚೀಲವನ್ನು ನಿಮ್ಮ ಗಾಡಿಗೆ ಹಾಕಿಕೊಳ್ಳಿ, ಬಾಕಿ ಹಣವನ್ನು ಕೊಟ್ಟು ರಸೀದಿ ಪಡೆಯಿರಿ. ಅಂದೇ ಮರಳುವುದಾದರೆ ಇಡೀ ದಿನ ಬಿಸಿಲಿನಲ್ಲಿ ಕಾದ ಗಾಡಿಯ ಚಾಲಕರಿಗೂ ಊಟವಾಗಿದೆಯೇ, ಎರಡು ತಾಸು ಮಲಗಿದ್ದಾರೆಯೇ ಎಂದು ಕೇಳಿ. ಇಲ್ಲವಾದರೆ ಅವರು ಏಳುವವರೆಗೆ ಜಟ್ಟಿಯ ಬಳಿ ಚಹಾ ಕುಡಿಯುತ್ತಾ ಕುಳಿತಿರಿ, ಅರಬೈಲು ಘಟ್ಟವನ್ನು ಕತ್ತಲಲ್ಲಿ ಹತ್ತುವವರು ಅವರೇ.